ಬರಿಗಾಲಿನ ಭಾನುವಾರ

ಡಿಸೆಂಬರ್ ತಿಂಗಳ ಮೊದಲನೆಯ ಭಾನುವಾರ ನಮ್ಮ ಕಟ್ಟಡದಲ್ಲಿ ಯಾರೂ ಕಾಲಿಗೆ ಏನೂ ಹಾಕುವುದಿಲ್ಲ. ಬೆಳಗ್ಗೆ ಏಳು ಗಂಟೆಗೆಲ್ಲ ಹದಿನಾರು ಬಾಗಿಲುಗಳ ಮುಂದೆ ಬೂಟು, ಚಪ್ಪಲಿ, ಮಕ್ಕಳ ಶಾಲೆಯ ಶೂ ಎಲ್ಲ ಬಂದು ಕೂತಿರುತ್ತವೆ. ಒಂದೊಂದು ಜೊತೆಯೊಳಗೂ ಒಂದು ಚೀಟಿ. ಎಲ್ಲಿ ಹರಿದಿದೆ, ಎಲ್ಲಿ ಕಚ್ಚುತ್ತದೆ, ಯಾವ ಕಾಲಿನದು ನೀರು ಕುಡಿಯುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಸಂಜೆಯೊಳಗೆ ಅವೆಲ್ಲ ರಿಪೇರಿಯಾಗಿ, ಪಾಲಿಶ್ ಆಗಿ, ಅದೇ ಬಾಗಿಲಿಗೆ ವಾಪಸ್. ಕೂಲಿ ಇಲ್ಲ. ಅಲ್ಲಿಯವರೆಗೆ ಎಲ್ಲರೂ ಮನೆಯಲ್ಲೇ ಇರಬೇಕು. ಹೊಸದಾಗಿ ಬಾಡಿಗೆಗೆ ಬಂದವರು ಇದೇನು ಪದ್ಧತಿ ಎಂದು ಕೇಳಿದರೆ, "ಇಸ್ತ್ರಿ ಅಕ್ಕನ್ನ ಕೇಳಿ" ಎನ್ನುತ್ತಾರೆ.

ಇಸ್ತ್ರಿ ಅಕ್ಕ ಎಂದರೆ ನನ್ನ ಸ್ವಂತ ಅಕ್ಕ. ರಿಪೇರಿ ಮಾಡುವವನು ನಾನು. ಕೆಳಗೆ ಮೆಟ್ಟಿಲ ಪಕ್ಕದಲ್ಲಿ ನನ್ನ ಬೂಟು ರಿಪೇರಿ ಅಂಗಡಿ. ನನ್ನನ್ನು ಕೇಳಿ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಈ ಕಟ್ಟಡದವರು ನನಗಿಟ್ಟ ಹೆಸರು ಪಟಾಕಿ. ಬೆನ್ನ ಹಿಂದೆ ಪಟಾಕಿ, ಎದುರಿಗೆ ಅಣ್ಣ.

ಅಕ್ಕನ ವಿಷಯ ಬರೆಯಲು ಕೂತವನು ಅವಳ ಕಾಲಿನಿಂದಲೇ ಶುರು ಮಾಡಬೇಕು. ಅವಳ ಎಡಗಾಲು ಬಲಗಾಲಿಗಿಂತ ಮೂರು ಬೆರಳಿನಷ್ಟು ಗಿಡ್ಡ. ಹುಟ್ಟುತ್ತಲೇ ಹಾಗೆ. ನಮ್ಮಪ್ಪನೂ ಇದೇ ಅಂಗಡಿಯಲ್ಲಿ ಇದೇ ಕೆಲಸ ಮಾಡಿದವನು. ಅವನು ಅಕ್ಕನಿಗೆ ಮಾಡಿಕೊಡುತ್ತಿದ್ದ ಬೂಟನ್ನು ನೋಡಿದರೆ ಇದರಲ್ಲೇನೋ ಇದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎತ್ತರದಲ್ಲಿ ಅರ್ಧವನ್ನು ಅಟ್ಟೆಯಲ್ಲಿ ಕೊಟ್ಟು, ಉಳಿದರ್ಧವನ್ನು ಒಳಗೆ ಬೆಂಡು ಇಟ್ಟು ಮುಚ್ಚಿಬಿಡುತ್ತಿದ್ದ. ಬಲಗಾಲಿನ ಬೂಟಿನ ಸುತ್ತಲೂ ಅಷ್ಟೇ ದಪ್ಪ ಕಾಣುವ ಅಂಚುಪಟ್ಟಿ ಹೊಲಿಯುತ್ತಿದ್ದ, ಕಣ್ಣಿಗೆ ಎರಡೂ ಒಂದೇ ಥರ ಕಾಣಲಿ ಎಂದು. ಆ ಬೂಟು ಹಾಕಿಕೊಂಡು ಅಕ್ಕ ಬೀದಿಯಲ್ಲಿ ನಡೆದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದೇ ಅಪ್ಪನಿಗೆ ಬೇಕಾಗಿದ್ದದ್ದು.

ಅವಳು ಎರಡನೇ ಮಹಡಿಯಲ್ಲಿ ಒಬ್ಬಳೇ ಇದ್ದಾಳೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇರೋಳ ಹತ್ತಿರ ಬರೋ ಧೈರ್ಯ ಯಾವನಿಗಿದೆ" ಎನ್ನುತ್ತಾಳೆ. ಕಿಟಕಿಯ ಪಕ್ಕ ಉದ್ದನೆಯ ಮೇಜು, ಅದರ ಮೇಲೆ ನಾಲ್ಕು ಮಡಿಕೆ ಹಳೇ ಕಂಬಳಿ, ಎಡಕ್ಕೆ ಆಸ್ಪತ್ರೆಯ ಬಿಳಿ ಕೋಟುಗಳ ರಾಶಿ, ಬಲಕ್ಕೆ ಹೋಟೆಲಿನ ಹಾಸಿಗೆ ಬಟ್ಟೆಗಳ ರಾಶಿ. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ನಿಂತೇ ಇರುತ್ತಾಳೆ. ಕೋಟಿನ ಜೇಬು ನೋಡಿಯೇ ಯಾವ ಡಾಕ್ಟರ ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ಹೇಳಬಲ್ಲಳು. ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಇದ್ದರೆ ಮನೆಯಲ್ಲಿ ಅಡುಗೆ ಇಲ್ಲ ಎಂದೇ ಲೆಕ್ಕ.

ಅಪ್ಪ ತೀರಿಕೊಂಡ ಮೇಲೆ ಅಕ್ಕನ ಬೂಟು ನನ್ನ ಪಾಲಿಗೆ ಬಂತು. ಇದು ಹದಿಮೂರು ವರ್ಷದ ಹಿಂದಿನ ಮಾತು. ನಾನು ಒಂದು ಜೊತೆ ಮಾಡಿಕೊಟ್ಟೆ. ಮಾರನೇ ದಿನ ತಂದಳು, ಪಾದದ ಕೀಲಿನ ಹತ್ತಿರ ಒತ್ತುತ್ತೆ ಎಂದಳು. ಸುತ್ತಿಗೆಯಲ್ಲಿ ಬಡಿದು ಮೆತ್ತಗೆ ಮಾಡಿಕೊಟ್ಟೆ. ಮತ್ತೆ ತಂದಳು. ಮತ್ತೆ ಬಡಿದೆ. ಮೂರನೇ ಸಲವೂ ಆಯಿತು. ನಾಲ್ಕನೇ ಸಲ ಬಂದಾಗ ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಒಬ್ಬ ಆಗಷ್ಟೇ ನನ್ನ ಹೊಲಿಗೆ ಸೊಟ್ಟ ಎಂದಿದ್ದ, ತಲೆ ಕಾದಿತ್ತು. ಅಕ್ಕ "ಇನ್ನೂ ಒತ್ತುತ್ತೆ ಕಣೋ" ಎಂದಳು ನೋಡಿ, ಆ ಬೂಟನ್ನು ಅವಳ ಕೈಯಿಂದ ಕಿತ್ತು ಹಲಗೆಯ ಮೇಲೆ ಒಗೆದೆ.

"ಕಾಲೇ ಸೊಟ್ಟ ಇದ್ರೆ ಬೂಟು ಏನು ಮಾಡುತ್ತೆ" ಎಂದೆ.

ಹೊಲಿಗೆ ಸೊಟ್ಟ ಎಂದವನೂ ನೆಲ ನೋಡಿದ. ಅಕ್ಕ ನಾನು ಮಾಡಿದ ಬೂಟನ್ನು ಹಲಗೆಯ ಮೇಲೇ ಬಿಟ್ಟು ಮೆಟ್ಟಿಲು ಹತ್ತಿ ಹೋದಳು.

ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ವಾಸಿ ಇತ್ತು. ಎಂದಿನಂತೆ ನನ್ನನ್ನು ಬೈಯುತ್ತಿದ್ದಳು, ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು, ಜ್ವರ ಬಂದರೆ ಗಂಜಿ ತರುತ್ತಿದ್ದಳು. ಬೂಟು ಮಾತ್ರ ನನ್ನ ಕೈಗೆ ಕೊಡಲಿಲ್ಲ. ಅಪ್ಪ ಮಾಡಿದ ಹಳೇ ಜೊತೆಯನ್ನೇ ಹೊರಗೆ ತೆಗೆದಳು. ಅದು ಬಾಯಿ ಬಿಟ್ಟಾಗ ಸೈಕಲ್ ಟ್ಯೂಬಿನ ತುಂಡು ಅಂಟಿಸಿಕೊಂಡಳು. ಹೊಲಿಗೆ ಬಿಟ್ಟಾಗ ಅಂಗಿ ಹೊಲಿಯುವ ದಾರದಲ್ಲಿ ತಾನೇ ಹೊಲಿದುಕೊಂಡಳು. ಬೂಟು ರಿಪೇರಿಯವನ ಒಡಹುಟ್ಟಿದವಳು ತೇಪೆ ಬೂಟು ಹಾಕಿಕೊಂಡು ದಿನಕ್ಕೆ ನಾಲ್ಕು ಸಲ ನನ್ನ ಅಂಗಡಿಯ ಮುಂದೆಯೇ ಹತ್ತಿ ಇಳಿಯುತ್ತಿದ್ದಳು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕೋರ್ಟೂ ಕೊಡಲಾರದು.

ಇನ್ನು ಈ ಪದ್ಧತಿಯನ್ನು ನಮ್ಮ ಕಟ್ಟಡಕ್ಕೆ ತಂದ ಚಳಿ ದೇಶದ ಅಮ್ಮನ ವಿಷಯ. ಇದಾಗಿ ಎರಡು ವರ್ಷದ ಮೇಲೆ ನಮ್ಮ ನಾಲ್ಕನೇ ಮಹಡಿಗೆ ಒಂದು ಹೊರದೇಶದ ಸಂಸಾರ ಬಂತು. ಗಂಡ ಬಾಟಲಿ ಕಾರ್ಖಾನೆಗೆ ಹೊಸ ಯಂತ್ರ ಜೋಡಿಸಲು ಬಂದವನು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಎಲ್ಲರ ಕೂದಲೂ ಜೋಳದ ತೆನೆಯ ಬಣ್ಣ. ಅಕ್ಕ ಅವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಆ ಅಮ್ಮನಿಗೆ ನಮ್ಮ ಮಾತು ಇಪ್ಪತ್ತು ಶಬ್ದ ಬರುತ್ತಿತ್ತು, ಅಕ್ಕನಿಗೆ ಅವಳ ಮಾತು ಹತ್ತು. ಮೂವತ್ತು ಶಬ್ದದಲ್ಲಿ ಇಬ್ಬರೂ ದಿನಗಟ್ಟಲೆ ಹರಟುತ್ತಿದ್ದರು.

ತಾರಸಿಯ ನೀರಿನ ತೊಟ್ಟಿ ನೋಡಿ ಪಂಪು ಹಾಕುವ ಕೆಲಸ ನನ್ನದು. ಡಿಸೆಂಬರ್ ಆರನೇ ತಾರೀಕು ಬೆಳಗ್ಗೆ ಆರು ಗಂಟೆಗೆ ಮೇಲೆ ಹೋದವನು ಇಳಿದು ಬರುವಾಗ ನೋಡುತ್ತೇನೆ, ಅವರ ಬಾಗಿಲ ಮುಂದೆ ಎರಡು ಜೊತೆ ಪುಟ್ಟ ಬೂಟು. ಹಿಮ್ಮಡಿ ಸವೆದು ಹೋಗಿತ್ತು, ಚಿಕ್ಕದರ ಅಟ್ಟೆಯಲ್ಲಿ ತೂತು. ನನಗೆ ಉರಿಯಿತು. ನಾಲ್ಕು ಮೆಟ್ಟಿಲು ಇಳಿದು ಅಂಗಡಿಗೆ ತಂದುಕೊಡಲು ಏನು ಧಾಡಿ, ದೊರೆಗಳು ಬಾಗಿಲಲ್ಲಿ ಇಟ್ಟರೆ ನಾನು ಹೊತ್ತುಕೊಂಡು ಹೋಗಬೇಕೋ ಎಂದು ಗೊಣಗಿಕೊಂಡೇ ಎತ್ತಿಕೊಂಡೆ. ಒಳಗೆ ಒಂದೊಂದು ಕಿತ್ತಳೆ ಹಣ್ಣು, ಬಣ್ಣದ ಕಾಗದದಲ್ಲಿ ಸುತ್ತಿದ ಮಿಠಾಯಿ. ಹೋಗಲಿ, ಮರ್ಯಾದಸ್ಥರು, ಕೆಲಸಗಾರನ ಬಾಯಿಗೆ ಏನಾದರೂ ಇಟ್ಟಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ. ಅಂಗಡಿಯಲ್ಲಿ ಕೂತು ಎರಡೂ ಹಣ್ಣು ತಿಂದೆ. ಮಿಠಾಯಿಯನ್ನೂ ತಿಂದೆ. ಆಮೇಲೆ ಹಿಮ್ಮಡಿ ಕಿತ್ತೆ.

ಏಳೂವರೆಗೆ ಮೇಲಿನಿಂದ ಅಳು. ಕಟ್ಟಡಕ್ಕೆ ಕಟ್ಟಡವೇ ಮೆಟ್ಟಿಲಿಗೆ ಬಂತು. ಅಕ್ಕ ಮೇಲೆ ಹೋಗಿ, ಮೂವತ್ತು ಶಬ್ದದಲ್ಲಿ ವಿಷಯ ತಿಳಿದುಕೊಂಡು, ನೇರವಾಗಿ ಅಂಗಡಿಗೆ ಬಂದಳು. ನನ್ನ ಮಡಿಲಲ್ಲಿ ಪುಟ್ಟ ಬೂಟು, ಗಡ್ಡದಲ್ಲಿ ಕಿತ್ತಳೆಯ ನಾರು.

"ಲೋ, ಅದು ಅವರ ಹಬ್ಬ ಕಣೋ" ಎಂದಳು. "ಅವರ ಕಡೆ ಈ ದಿನ ಮಕ್ಕಳು ಬಾಗಿಲಲ್ಲಿ ಬೂಟು ಇಟ್ಟರೆ ಗಡ್ಡದ ಒಬ್ಬ ಅಜ್ಜ ಬಂದು ತಿಂಡಿ ಇಟ್ಟು ಹೋಗ್ತಾನಂತೆ. ನೀನು ತಿಂಡಿ ತಿಂದು ಬೂಟೂ ಹೊತ್ಕೊಂಡು ಬಂದಿದ್ದೀಯ."

"ರಿಪೇರಿಗೆ ಇಟ್ಟಿದ್ದಾರೆ ಅಂದ್ಕೊಂಡೆ."

"ಆ ಅಜ್ಜನ ಥರ ಗಡ್ಡ ಒಂದಿದೆ ನಿನಗೆ. ಬೇಗ ಮುಗಿಸು."

ಮುಗಿಸಿದೆ. ಹೊಸ ಹಿಮ್ಮಡಿ, ಹೊಸ ಅಟ್ಟೆ, ಪಾಲಿಶ್. ಒಳಗೆ ಇಡಲು ಬೇರೆ ಕಿತ್ತಳೆ ತರಿಸಿ ಅಕ್ಕನೇ ಕೊಂಡುಹೋದಳು. ಚಿಕ್ಕ ಹುಡುಗಿ ಬೂಟು ಹಾಕಿಕೊಂಡು ಬಚ್ಚಲಿನಲ್ಲಿ ನಿಂತ ನೀರಿಗೆ ಇಳಿದಳಂತೆ. ಕಾಲು ನೆನೆಯಲಿಲ್ಲ. ಹೊರಗೆ ಬಂದು, ಈ ದೇಶದ ಅಜ್ಜನಿಗೆ ಬೂಟು ಹೊಲಿಯಲೂ ಬರುತ್ತದೆ ಎಂದು ಅಮ್ಮನಿಗೆ ಹೇಳಿದಳಂತೆ. ಆ ಅಮ್ಮ ನಕ್ಕೂ ನಕ್ಕೂ ನೆಲದ ಮೇಲೆ ಕೂತುಬಿಟ್ಟಳು ಎಂದು ಅಕ್ಕ ಹೇಳಿದಳು. ಹೇಳುವಾಗ ಅಕ್ಕನೂ ನಕ್ಕಳು. ನನ್ನ ಅಂಗಡಿಯೊಳಗೆ ನಿಂತು ಅವಳು ನಕ್ಕು ಎರಡು ವರ್ಷವಾಗಿತ್ತು. ನಾನು ತಲೆ ಎತ್ತಲಿಲ್ಲ, ಎತ್ತಿದರೆ ನಿಲ್ಲಿಸುತ್ತಾಳೆ ಎಂದು.

ಮರುವರ್ಷ ಆ ಮಕ್ಕಳ ಜೊತೆ ಇನ್ನೂ ಆರು ಮನೆಯ ಮಕ್ಕಳು ಬೂಟು ಇಟ್ಟರು. ಅದರ ಮರುವರ್ಷ ಆ ಸಂಸಾರ ಅವರ ದೇಶಕ್ಕೆ ಹೋಯಿತು, ಹಬ್ಬ ಇಲ್ಲೇ ಉಳಿಯಿತು. ಅಕ್ಕ ಅದನ್ನು ತನ್ನ ಅಳತೆಗೆ ಕತ್ತರಿಸಿಕೊಂಡಳು. ಆರನೇ ತಾರೀಕು ಕೆಲಸದ ದಿನ ಬಂದರೆ ಜನ ಬರಿಗಾಲಲ್ಲಿ ಹೋಗುವುದೆಲ್ಲಿಗೆ, ಆದ್ದರಿಂದ ಮೊದಲನೇ ಭಾನುವಾರ. ಮಿಠಾಯಿ ಬೇಡ, ಹಲ್ಲು ಹಾಳು, ರಿಪೇರಿ ಸಾಕು. ಮಕ್ಕಳಿಗೆ ಮಾತ್ರ ಯಾಕೆ, ದೊಡ್ಡವರ ಬೂಟೇನು ಬಂಗಾರದ್ದೇ, ಅವೂ ಬರಲಿ. ನನ್ನ ಹತ್ತಿರ ಎದುರೆದುರೇ ಹೇಳಿದರೆ ನಾನು ಹಾರಾಡುತ್ತೇನೆ, ಆದ್ದರಿಂದ ಚೀಟಿ. ಹೀಗೆ ಎಲ್ಲಕ್ಕೂ ಒಂದೊಂದು ಕಾನೂನು ಅವಳೇ ಮಾಡಿದಳು. ಬುಟ್ಟಿ ಹಿಡಿದು ಬಾಗಿಲು ಬಾಗಿಲಿಗೆ ಹೋಗಿ ತರುವವಳೂ ಅವಳೇ, ಹಿಂದಿರುಗಿಸುವವಳೂ ಅವಳೇ.

"ನಿನ್ನ ಬೂಟು, ಅಕ್ಕಾ?" ಎಂದು ಯಾರಾದರೂ ಕೇಳಿದರೆ, "ಮೆಟ್ಟಿಲು ಹತ್ತಿ ಇಳಿಯೋಳು ನಾನು. ನಾನೂ ಬಿಚ್ಚಿಟ್ಟರೆ ನಿಮ್ಮದನ್ನ ತರೋರು ಯಾರು" ಎನ್ನುತ್ತಿದ್ದಳು. ಉತ್ತರ ಸರಿಯಾಗಿಯೇ ಇತ್ತು. ಎಂಟು ವರ್ಷ ಸರಿಯಾಗಿಯೇ ಇತ್ತು.

ಹೋದ ವರ್ಷದ ಹಿಂದಿನ ವರ್ಷ ಅವಳ ಹೆಜ್ಜೆಯ ಸದ್ದು ಬದಲಾಯಿತು. ಅಂಗಡಿಯಲ್ಲಿ ಕೂತರೆ ಮೆಟ್ಟಿಲ ಮೇಲಿನ ಒಂದೊಂದು ಕಾಲೂ ನನಗೆ ಗೊತ್ತು. ಅಕ್ಕನದು ಟಕ್ ಟಕ್ ಎಂದು ಸಮನಾಗಿ ಬರುತ್ತಿತ್ತು. ಈಗ ಟಕ್ ಆದಮೇಲೆ ಧಪ್. ಒಳಗಿನ ಬೆಂಡು ಒತ್ತಿ ಒತ್ತಿ ಚಪ್ಪಟೆಯಾಗಿದೆ, ಒಂದು ಬೆರಳಿನ ಎತ್ತರವಾದರೂ ಹೋಗಿದೆ ಎಂದು ನೋಡದೆಯೇ ಹೇಳಬಲ್ಲೆ. ಅಕ್ಟೋಬರಿನಲ್ಲಿ ಅವಳು ಕೋಟುಗಳ ಗಂಟಿನ ಸಮೇತ ಮೆಟ್ಟಿಲಿನಲ್ಲಿ ಬಿದ್ದಳು. ಕೋಟು ಇಳಿಸಲು ಹೋದ ಆಸ್ಪತ್ರೆಯಲ್ಲೇ ಡಾಕ್ಟರು ಸೊಂಟ ನೋಡಿ, ಸರಿಯಾದ ಬೂಟು ಹಾಕಿ, ಇಲ್ಲವೇ ನಿಂತು ಮಾಡುವ ಕೆಲಸ ಬಿಡಿ ಎಂದರಂತೆ. ಇದನ್ನು ಅಕ್ಕ ನನಗೆ ಹೇಳಲಿಲ್ಲ. ನನ್ನ ಹೆಂಡತಿಗೆ ಹೇಳಿದಳು.

"ನಿಮ್ಮ ಕೋಪ ಈಗ ಅವರ ಸೊಂಟಕ್ಕೆ ಇಳಿದಿದೆ" ಎಂದಳು ನನ್ನ ಹೆಂಡತಿ. "ಹೋಗಿ ಒಂದು ಮಾತು ಹೇಳಿಬಿಟ್ರೆ ನಿಮ್ಮ ಗಡ್ಡ ಉದುರುತ್ತಾ?"

ಇಸ್ತ್ರಿ ಬಿಟ್ಟರೆ ಅಕ್ಕ ಏನಾಗುತ್ತಾಳೆ ಎಂದು ನನಗೆ ಗೊತ್ತಿತ್ತು. ಮೇಲೆ ಹೋದೆ. ಹೇಳಬೇಕೆಂದೇ ಹೋದೆ. ಹೋದವನ ಕಣ್ಣಿಗೆ ಇಸ್ತ್ರಿಪೆಟ್ಟಿಗೆಯ ವಯರು ಸುಲಿದಿರುವುದು ಕಂಡಿತು. ಸತ್ತೇ ಹೋಗ್ತೀಯ ನೀನು, ಬುದ್ಧಿ ಇದೆಯಾ ನಿನಗೆ ಎಂದು ಕೂಗಾಡಿ, ವಯರಿಗೆ ಪಟ್ಟಿ ಸುತ್ತಿ, ಇಳಿದು ಬಂದೆ. ಮತ್ತೊಂದು ವಾರ ಅಂದಾಜಿನ ಮೇಲೆ ಒಂದು ಜೊತೆ ಬೂಟು ಮಾಡಿ, ಮೂರನೇ ಮಹಡಿಯ ಬಸ್ ಕಂಡಕ್ಟರ್ ಕೈಲಿ ಕಳಿಸಿದೆ. ಅವನು ಹೋದಷ್ಟೇ ಬೇಗ ವಾಪಸ್ ಬಂದ.

"ಚೆನ್ನಾಗಿದೆಯಂತೆ ಅಣ್ಣಾ. ಆಗೋರಿಗೆ ಯಾರಿಗಾದ್ರೂ ಕೊಡಬೇಕಂತೆ."

"ಅಷ್ಟೇನಾ ಅಂದಿದ್ದು?"

"ಅಷ್ಟೇ. ನನ್ನ ಮೇಲೆ ಯಾಕೆ ರೇಗ್ತೀರಿ, ನಾನು ಬರೀ ಟಿಕೆಟ್ ಕೊಡೋನು."

ಡಿಸೆಂಬರ್ ಬಂತು. ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಚರ್ಮ ಕತ್ತರಿಸುತ್ತಿದ್ದಾಗ ನನಗೆ ನನ್ನ ಕಾಲಿನ ಬೂಟು ಕಂಡಿತು. ಹೆಬ್ಬೆರಳು ಹೊರಗಿದೆ, ಒಂದು ಪಕ್ಕ ದಾರದಲ್ಲಿ ಕಟ್ಟಿದೆ. ಇಷ್ಟು ವರ್ಷದಲ್ಲಿ ನಾನೂ ಬರಿಗಾಲಿನ ಭಾನುವಾರಕ್ಕೆ ಬೂಟು ಇಟ್ಟವನಲ್ಲ. ಹೊಲಿಯುವವನು ಯಾರ ಬಾಗಿಲಿಗೆ ಇಡಬೇಕು? ಆಗ ಹೊಳೆಯಿತು. ಎದುರು ನಿಂತು ಬಾಯಿಗೆ ಬರದ ಮಾತಿಗೆಂದೇ ಅಕ್ಕ ಚೀಟಿಯ ಕಾನೂನು ಮಾಡಿದ್ದಾಳೆ. ಅದು ನನಗೆ ಹೆದರಿದವರಿಗೆ ಎಂದುಕೊಂಡಿದ್ದೆ. ನಾನೂ ಬರೆಯಬಹುದಲ್ಲ.

ನಾಲ್ಕನೇ ತರಗತಿಯ ಮೇಲೆ ನಾನು ಬರೆದದ್ದೆಲ್ಲ ಅಟ್ಟೆಯ ಮೇಲೆ ಅಳತೆ. ಮೂರು ಕಾಗದ ಹರಿದೆ. ನಾಲ್ಕನೆಯದರಲ್ಲಿ ಇಷ್ಟು ಬಂತು: "ಆವತ್ತು ಅಂಗಡಿಯಲ್ಲಿ ಅಂದಿದ್ದು ತಪ್ಪು. ಕಾಲು ಸೊಟ್ಟ ಅಲ್ಲ. ನನ್ನ ಕೆಲಸ ಸೊಟ್ಟ. ಹನ್ನೊಂದು ವರ್ಷ ಆಯ್ತು."

ಭಾನುವಾರ ಬೆಳಗ್ಗೆ ಪಂಪು ಹಾಕಲು ಹತ್ತುವಾಗ ಎರಡನೇ ಮಹಡಿಯಲ್ಲಿ ನಿಂತು, ಬೂಟು ಬಿಚ್ಚಿ, ಚೀಟಿ ಒಳಗಿಟ್ಟು, ಅವಳ ಬಾಗಿಲ ಮುಂದೆ ಇಟ್ಟೆ. ಬರಿಗಾಲಲ್ಲಿ ತಾರಸಿಗೆ ಹೋದೆ. ನೆಲ ಐಸಿನ ಥರ ಇತ್ತು.

ಏಳು ಗಂಟೆಗೆ ಅಕ್ಕ ಬುಟ್ಟಿ ಹಿಡಿದು ಬರಬೇಕು. ಬರಲಿಲ್ಲ. ಏಳೂವರೆ ಆಯಿತು. ನಾನು ದಾರಕ್ಕೆ ಮೇಣ ತಿಕ್ಕುತ್ತಾ ಕೂತೆ, ತಿಕ್ಕಿದ್ದಕ್ಕೇ ತಿಕ್ಕಿದೆ. ಎಂಟಕ್ಕೆ ಹೆಜ್ಜೆ ಸದ್ದು ಕೇಳಿತು. ಟಕ್ ಅಲ್ಲ, ಧಪ್ ಅಲ್ಲ, ಬರಿಗಾಲಿನ ಪಟಪಟ. ಕಂಡಕ್ಟರ್. ತೋಳಲ್ಲಿ ಅಕ್ಕನ ಬುಟ್ಟಿ.

"ಅಕ್ಕ ನನ್ನನ್ನ ಹಿಡಿದು ಹಾಕಿದ್ರು. ಎಲ್ಲಾ ಬಾಗಿಲೂ ನಾನೇ ಸುತ್ತಿ ಬಂದೆ. ಅವರು ಇವತ್ತು ಕುರ್ಚಿ ಬಿಟ್ಟು ಏಳಲ್ಲವಂತೆ."

"ಯಾಕೆ? ಮತ್ತೆ ಬಿದ್ದಳಾ?"

"ಬೀಳೋದಕ್ಕೆ ಬೂಟೆಲ್ಲಿದೆ ಕಾಲಲ್ಲಿ" ಎಂದ, ಬುಟ್ಟಿ ಇಳಿಸಿದ.

ಮೇಲ್ಗಡೆಯೇ ಇತ್ತು. ಅಪ್ಪನ ಕೈಯ ಬೂಟು. ಟ್ಯೂಬಿನ ತೇಪೆ, ಅಂಗಿ ದಾರದ ಹೊಲಿಗೆ, ಎಲ್ಲ. ಎಡಗಾಲಿನದರೊಳಗೆ ಚೀಟಿ. ಅಕ್ಕನ ಅಕ್ಷರ ನನ್ನದಕ್ಕಿಂತ ಗುಂಡಗಿದೆ. "ಎಡಗಾಲು. ಮೂರು ಬೆರಳು. ಕೀಲಿನ ಹತ್ತಿರ ಒತ್ತಬಾರದು. ಇದನ್ನ ಮೊದಲೇ ನಾಲ್ಕು ಸಲ ಹೇಳಿದ್ದೆ."

ಕಂಡಕ್ಟರ್ ನನ್ನ ಮುಖ ನೋಡಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಹೋದ. ಒಳ್ಳೆಯ ಮನುಷ್ಯ.

ಚರ್ಮ ಕೊಯ್ಯುವ ರಂಪಿಗೆ ತೆಗೆದುಕೊಂಡು ಮೆಲ್ಲಗೆ ಒಳಗಿನ ಚರ್ಮ ಬಿಡಿಸಿದೆ. ಅಪ್ಪನ ಬೂಟನ್ನು ನಾನು ಹೊರಗಿನಿಂದ ಸಾವಿರ ಸಲ ನೋಡಿದ್ದೆ, ಒಳಗೆ ಬಿಚ್ಚಿ ನೋಡಿದ್ದು ಅದೇ ಮೊದಲು. ಒಳಗೆ ಬೆಂಡು ಇಟ್ಟರೆ ಕಾಲು ಎತ್ತರಕ್ಕೆ ಬರುತ್ತದೆ, ಆಗ ಬೂಟಿನ ಅಂಚು ಸರಿಯಾಗಿ ಕೀಲಿನ ಮೂಳೆಯ ಬುಡಕ್ಕೆ ತಾಗುತ್ತದೆ. ಅಪ್ಪ ಅಲ್ಲಿ ಗಟ್ಟಿ ಚರ್ಮವನ್ನು ಉಗುರಿನ ಆಕಾರಕ್ಕೆ ಕೊರೆದು ತೆಗೆದಿದ್ದ. ಆ ಜಾಗಕ್ಕೆ ಕಂಬಳಿಯ ಮೆತ್ತನೆ ತುಂಡು ತುಂಬಿ, ಮೇಲೆ ತೆಳ್ಳನೆ ಚರ್ಮ ಹೊದಿಸಿ, ಹೊರಗೆ ಕಾಣದಂತೆ ಹೊಲಿದಿದ್ದ. ಆ ಕಂಬಳಿ ನನಗೆ ಗೊತ್ತು. ಅಕ್ಕನ ಇಸ್ತ್ರಿ ಮೇಜಿನದು, ಕಂದು ಬಣ್ಣ, ಅಂಚಿನಲ್ಲಿ ಸುಟ್ಟ ಗುರುತು. ನಾನು ಕೊಟ್ಟ ಬೂಟಿನಲ್ಲಿ ಆ ಜಾಗದಲ್ಲಿ ಬರೀ ಗಟ್ಟಿ ಚರ್ಮ. ಅದನ್ನು ಮೂರು ಸಲ ಸುತ್ತಿಗೆಯಲ್ಲಿ ಬಡಿದಿದ್ದೆ. ಎಲ್ಲಿ ಎಂದು ಒಂದು ಸಲವಾದರೂ ಅವಳ ಕಾಲನ್ನು ನೋಡಿ ಕೇಳಿದ್ದರೆ ಸಾಕಿತ್ತು.

ಬೆಂಡು ಹೊಸದು ಇಟ್ಟೆ. ಅಟ್ಟೆ ಹೊಸದು. ಮೇಲಿನ ಚರ್ಮ ಅಪ್ಪನದೇ ಉಳಿಸಿಕೊಂಡೆ. ಅಂಟಿಸಿದ ಸಲೂಷನ್ ಒಣಗುವವರೆಗೆ ಬೇರೆಯವರ ಬೂಟು ಮುಟ್ಟಬಹುದಿತ್ತು, ಮುಟ್ಟಲಿಲ್ಲ. ಮಧ್ಯಾಹ್ನ ಮೂರಕ್ಕೆ ಕಂಡಕ್ಟರ್ ಮತ್ತೆ ಬಂದ.

"ಅಣ್ಣಾ, ನನಗೆ ನಾಲ್ಕು ಗಂಟೆಗೆ ಡ್ಯೂಟಿ."

"ಮುಟ್ಟೇ ಇಲ್ಲ ನಿಂದು."

"ಹಾಗಾದ್ರೆ ಬರಿಗಾಲಲ್ಲಿ ಹೋಗಿ ಟಿಕೆಟ್ ಕೊಡ್ಲಾ?"

"ಬಚ್ಚಲ ಚಪ್ಪಲಿ ಹಾಕ್ಕೊಂಡು ಹೋಗು. ಪ್ಯಾಸೆಂಜರು ನಿನ್ನ ಮುಖಾನೇ ನೋಡಲ್ಲ, ಕಾಲು ನೋಡ್ತಾರಾ."

ಹಾಕಿಕೊಂಡೇ ಹೋದ, ನೀಲಿ ರಬ್ಬರಿನದು. ಮೆಟ್ಟಿಲ ಮೇಲೆ ಗುಸುಗುಸು ಶುರುವಾಗಿತ್ತು, ಪಟಾಕಿ ಇವತ್ತು ಬರೀ ಒಂದು ಜೊತೆ ಹಿಡಿದು ಕೂತಿದ್ದಾನೆ ಎಂದು. ಒಬ್ಬರೂ ಕೆಳಗೆ ಬಂದು ಕೇಳಲಿಲ್ಲ. ಅದು ಯಾರ ಜೊತೆ ಎಂದು ಕಟ್ಟಡಕ್ಕೆಲ್ಲ ಗೊತ್ತಾಗಿತ್ತು ಎಂದು ಆಮೇಲೆ ತಿಳಿಯಿತು.

ಐದು ಗಂಟೆಗೆ ಬೂಟು ಹಿಡಿದು ಮೇಲೆ ಹೋದೆ. ಅಕ್ಕ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕಾಲುಚೀಲ ಹಾಕಿಕೊಂಡು ಕೂತಿದ್ದಳು. ಹಗಲು ಹೊತ್ತಿನಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಮಡಿಲಲ್ಲಿ ನನ್ನ ಹರಕು ಬೂಟು. ಹೆಬ್ಬೆರಳಿನ ಕಡೆ ಅಂಗಿ ದಾರದಲ್ಲಿ ಹೊಲಿದಿದ್ದಳು, ಅದೇನು ಹೊಲಿಗೆಯೋ, ಗುಂಡಿ ಹಚ್ಚಿದ ಹಾಗಿತ್ತು.

"ಬೂಟು ಹೊಲಿಯೋನ ಬೂಟು ನೋಡಿದ್ರೆ ಗಿರಾಕಿ ಓಡಿ ಹೋಗಬೇಕು" ಎಂದಳು.

ಚೀಟಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆಳಗೆ ಕೂತು ಅವಳಿಗೆ ಬೂಟು ಹಾಕಿದೆ, ಲೇಸು ಕಟ್ಟಿದೆ. ಎದ್ದಳು. ಮೇಜಿನ ತುದಿಯಿಂದ ಬಾಗಿಲವರೆಗೆ ಹೋಗಿ ಬಂದಳು. ಇನ್ನೊಂದು ಸಲ ಹೋಗಿ ಬಂದಳು. ನಿಂತಳು.

"ಸ್ವಲ್ಪ ಒತ್ತುತ್ತೆ" ಎಂದಳು, ನನ್ನ ಮುಖವನ್ನೇ ನೋಡುತ್ತಾ.

ನನ್ನ ಕಿವಿ ಬಿಸಿಯಾಯಿತು. ಅದು ಬಿಸಿಯಾಗುತ್ತದೆ, ನನ್ನ ಕೈಯಲ್ಲಿಲ್ಲ. ಮತ್ತೆ ಕೆಳಗೆ ಕೂತೆ.

"ಎಲ್ಲಿ?" ಎಂದೆ.

ಅಕ್ಕ ಬಗ್ಗಿ ಬೆರಳಿಟ್ಟು ತೋರಿಸಿದಳು. "ಇಲ್ಲಿ."

ಬಿಚ್ಚಿಕೊಂಡು ಹೋದೆ. ಕಂಬಳಿ ತುಂಡನ್ನು ಒಂದು ಎಳೆ ತೆಳ್ಳಗೆ ಮಾಡಿ ತಂದೆ. ಈಗ ಹಿಂದೆ ಎಂದಳು. ಹೋದೆ, ಬಂದೆ. ಮೂರನೇ ಸಲ ಲೇಸಿನ ತೂತು ಎಂದಳು. ನಾಲ್ಕನೇ ಸಲ ಬೂಟು ಹಾಕಿ ನಡೆದು, ಪಾಲಿಶ್ ತಿಕ್ಕಲು ಒಂದು ಹಳೇ ಬಟ್ಟೆ ತೆಗೆದುಕೊಂಡು ಮೆಟ್ಟಿಲು ಇಳಿಯತೊಡಗಿದಳು. ನಾನು ಬಾಗಿಲಲ್ಲೇ ನಿಂತು ಕೇಳಿದೆ. ಟಕ್ ಟಕ್. ಕೆಳಗಿನಿಂದ ಅವಳ ದನಿ ಬಂತು.

"ಬಾರೋ ಕೆಳಗೆ. ಮೂವತ್ತು ಜೊತೆ ಬಿದ್ದಿದೆ ಇಲ್ಲಿ. ಜನ ನಾಳೆ ಕೆಲಸಕ್ಕೆ ಹೋಗೋದು ಬೇಡವಾ?"

ಅವಳು ಪಾಲಿಶ್ ಹಾಕಿದಳು, ನಾನು ಹೊಲಿದೆ.

ಅಕ್ಕ ಈಗಲೂ ನಿಂತೇ ಇಸ್ತ್ರಿ ಹಾಕುತ್ತಾಳೆ. ಅವಳಿಗೆ ಒಂದು ಹೊಸ ಜೊತೆಯನ್ನೂ ಮಾಡಿಕೊಟ್ಟಿದ್ದೇನೆ, ಒಳಗೆ ಅದೇ ಕಂದು ಕಂಬಳಿ. ಬರಿಗಾಲಿನ ಭಾನುವಾರ ಬಂದರೆ ಅವಳು ಕುರ್ಚಿಯಲ್ಲಿ ಕೂತಿರುತ್ತಾಳೆ, ಬುಟ್ಟಿ ಕಂಡಕ್ಟರ್ ಪಾಲಿಗೆ. ಹೋದ ವರ್ಷ ಅವಳ ಚೀಟಿಯಲ್ಲಿ "ಒತ್ತುತ್ತೆ" ಎಂದಷ್ಟೇ ಇತ್ತು. ಬೂಟು ಎಲ್ಲೂ ಒತ್ತುತ್ತಿರಲಿಲ್ಲ, ನನಗೆ ಗೊತ್ತು, ಅವಳ ಹೆಜ್ಜೆ ಕೇಳಿದವನು ನಾನು. ಆದರೂ ಮೇಲೆ ಹೋಗಿ, ಕೆಳಗೆ ಕೂತು, ಎಲ್ಲಿ ಎಂದು ಕೇಳಿದೆ. ಅಕ್ಕ ಸ್ವಲ್ಪ ಹೊತ್ತು ಯೋಚನೆ ಮಾಡಿ ಒಂದು ಜಾಗ ತೋರಿಸಿದಳು.